ಸ್ಯಾಂಡಿಗೇಟ್ ಮೈದಾನದಲ್ಲಿ ಅಪ್ಪ

ಶೆಫೀಲ್ಡ್
22 ಆಗಸ್ಟ್ 2023, ಮಂಗಳವಾರ ರಾತ್ರಿ

ಅಪ್ಪ ಊರಿಗೆ ಮರಳಲು ಇನ್ನು ಒಂಬತ್ತೇ ದಿನ. ಬಂದಾಗಿನಿಂದ ಅರಮನೆ, ಕೆರೆ, ದೊಡ್ಡ ಅಂಗಡಿ ಎಂದು ಸುತ್ತಾಡಿಸಿದ್ದೇನೆ. ಎಲ್ಲ ಕಡೆಯೂ "ಚೆನ್ನಾಗಿದೆ ಅವ್ವಾ" ಎನ್ನುತ್ತಾರೆ, ಕೂರುವುದಕ್ಕೆ ಜಾಗ ಹುಡುಕುತ್ತಾರೆ. ಇವತ್ತು ಕೆಲಸದಿಂದ ಬಂದವಳೇ ಅವರಿಗೆ ಸ್ವೆಟರ್ ತೊಡಿಸಿ, ಲಾಡ್ಜ್ ಮೂರ್ ಕಡೆಯ ಬಸ್ಸು ಹತ್ತಿಸಿ, ಕ್ರಾಸ್‌ಪೂಲ್‌ನಲ್ಲಿ ಇಳಿಸಿದೆ. ಹ್ಯಾಲಮ್ ಫುಟ್‌ಬಾಲ್ ತಂಡದ ಸಂಜೆ ಪಂದ್ಯವಿತ್ತು. ಮೂರು ವರ್ಷಗಳಿಂದ ಬಿಡುವು ಸಿಕ್ಕಾಗಲೆಲ್ಲ ನಾನು ಹೋಗಿ ನಿಲ್ಲುವ ಮೈದಾನ ಅದು. ಈ ಊರಿನಲ್ಲಿ ನನ್ನದು ಎನ್ನಬಹುದಾದ ಒಂದೇ ಜಾಗ. ಅದನ್ನು ನೋಡದೆ ಅಪ್ಪ ಹೋಗಬಾರದು ಎಂದು ನನ್ನ ಹಟ.

ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಮೇಲಿನ ನಾಲ್ಕು ಹಂತಗಳ 92 ತಂಡಗಳನ್ನು ಬಿಟ್ಟರೆ ಉಳಿದದ್ದೆಲ್ಲ ನಾನ್-ಲೀಗ್. ಹ್ಯಾಲಮ್ ಈಗಿರುವುದು ಒಂಬತ್ತನೆಯ ಹಂತದಲ್ಲಿ. ಟಿವಿಯಲ್ಲಿ ಬರುವ ತಂಡವಲ್ಲ. ಆದರೆ ಅದರ ಸ್ಯಾಂಡಿಗೇಟ್ ಮೈದಾನ ಜಗತ್ತಿನಲ್ಲೇ ಅತ್ಯಂತ ಹಳೆಯ ಫುಟ್‌ಬಾಲ್ ಮೈದಾನ ಎಂದು ಗಿನ್ನೆಸ್ ದಾಖಲೆಯಲ್ಲಿದೆ. 1804ರಿಂದ ಅಲ್ಲಿ ಕ್ರಿಕೆಟ್ ಆಡುತ್ತಿದ್ದರು. 1860ರ ಡಿಸೆಂಬರ್ 26ರಂದು, ಹಿಮ ಬಿದ್ದ ನೆಲದ ಮೇಲೆ, ಹ್ಯಾಲಮ್ ಮತ್ತು ಶೆಫೀಲ್ಡ್ ಎಫ್‌ಸಿ ತಂಡಗಳು ತಲಾ ಹದಿನಾರು ಜನರೊಂದಿಗೆ ಅಲ್ಲಿ ಫುಟ್‌ಬಾಲ್ ಆಡಿದವು. ಆಗ ಜಗತ್ತಿನಲ್ಲಿ ಫುಟ್‌ಬಾಲ್ ಕ್ಲಬ್‌ಗಳೇ ಬೆರಳೆಣಿಕೆಯಷ್ಟು. ಶೆಫೀಲ್ಡ್ 2-0ಯಿಂದ ಗೆದ್ದಿತು. ಅದೇ ಹುಲ್ಲಿನ ಅಂಚಿನಲ್ಲಿ, ಟಿಕೆಟ್ ತೆಗೆದುಕೊಂಡು, ಕಬ್ಬಿಣದ ಕಂಬಿಗೆ ಮೊಣಕೈ ಊರಿ ನಾವಿಬ್ಬರೂ ನಿಂತೆವು.

ಅಪ್ಪ ಮೊದಲು ನೋಡಿದ್ದು ಆಟಗಾರರನ್ನಲ್ಲ, ನೆಲವನ್ನು. "ಇದು ಸಮ ಇಲ್ಲವಲ್ಲ" ಎಂದರು. ನಿಜ, ಸ್ಯಾಂಡಿಗೇಟ್ ಇರುವುದು ಗುಡ್ಡದ ಮೇಲೆ, ಮೈದಾನವೇ ಇಳಿಜಾರು. ನಾನು ಅದನ್ನು ಆಟದ ಲೆಕ್ಕದಲ್ಲಿ ಮಾತ್ರ ನೋಡಿದ್ದೆ: ಯಾವ ಅರ್ಧದಲ್ಲಿ ಯಾರು ಇಳಿಜಾರಿಗೆ ಆಡುತ್ತಾರೆ, ಚೆಂಡು ಯಾವ ಕಡೆ ತಾನಾಗಿ ಓಡುತ್ತದೆ ಎಂದು. ಅಪ್ಪ ಒಂದು ಕಣ್ಣು ಮುಚ್ಚಿ, ಅಂಗೈಯನ್ನು ಅಡ್ಡ ಹಿಡಿದು, ಹೊಲಕ್ಕೆ ಒಡ್ಡು ಹಾಕುವ ಮೊದಲು ನೋಡುವ ಹಾಗೆಯೇ ನೋಡಿದರು. ನೀರು ಯಾವ ಮೂಲೆಗೆ ಹೋಗುತ್ತದೆ, ಎಲ್ಲಿ ಒಂದು ಒಡ್ಡು ಬೇಕು ಎಂದೆಲ್ಲ ಹೇಳಿದರು. ಬಗ್ಗಿ ಕಂಬಿಯ ಕೆಳಗೆ ಕೈ ಹಾಕಿ ಹುಲ್ಲು ಮುಟ್ಟಿ, ಒದ್ದೆಯಾದ ಬೆರಳುಗಳನ್ನು ನನಗೆ ತೋರಿಸಿದರು. ಏನೂ ಹೇಳಲಿಲ್ಲ. ಅಣ್ಣಿಗೇರಿ ಹತ್ತಿರದ ನಮ್ಮ ಎರೆಹೊಲಕ್ಕೆ ಈ ವರ್ಷ ಜೂನ್ ಕೈಕೊಟ್ಟಿತು, ಜುಲೈನಲ್ಲಿ ಮಳೆ ಬಂತು, ಆಗಸ್ಟ್ ಪೂರ್ತಿ ಒಣಗಿ ಕುಳಿತಿದೆ. ನೆಲ ಬಿರುಕು ಬಿಟ್ಟ ಚಿತ್ರವನ್ನು ತಮ್ಮ ದಿನವೂ ಕಳಿಸುತ್ತಾನೆ.

ಏಳೂ ಮುಕ್ಕಾಲಿಗೆ ಆಟ ಶುರುವಾಯಿತು. ಇಲ್ಲಿ ಆಟ ಕಣ್ಣಿಗಿಂತ ಮೊದಲು ಕಿವಿಗೆ ಬರುತ್ತದೆ. ಗೋಲ್‌ಕೀಪರ್ ತನ್ನವರನ್ನು ಹೆಸರು ಹಿಡಿದು ಕೂಗುವುದು, ಎರಡು ಭುಜ ಗುದ್ದಿಕೊಂಡಾಗ ಎದೆಯಿಂದ ಉಸಿರು ಹೊರಬೀಳುವುದು, ಒದ್ದೆ ಚೆಂಡಿನ ಧಪ್ ಎಂಬ ಸದ್ದು. ನೀಲಿ ಅಂಗಿಯ ಹುಡುಗನೊಬ್ಬ ಥ್ರೋ ಎಸೆಯಲು ಬಂದು ನಮ್ಮ ಮುಂದೆಯೇ ನಿಂತ. ಚೆಂಡನ್ನು ಅಂಗಿಯ ತುದಿಯಿಂದ ಒರೆಸಿಕೊಂಡ. ಬಲ ಮೊಣಕಾಲಿನ ಸುತ್ತ ಬಿಳಿ ಪಟ್ಟಿ, ಅದರ ಅಂಚು ಬಿಚ್ಚಿ ನೇತಾಡುತ್ತಿತ್ತು. ಅಪ್ಪ "ಪಟ್ಟಿ, ಪಟ್ಟಿ" ಎಂದು ಕನ್ನಡದಲ್ಲೇ ಹೇಳಿ ತಮ್ಮ ಮೊಣಕಾಲು ತೋರಿಸಿದರು. ಅವನು ನೋಡಿ, ಬಗ್ಗಿ ಒತ್ತಿಕೊಂಡು, ಹೆಬ್ಬೆರಳು ಎತ್ತಿ, ಚೆಂಡು ಎಸೆದು ಓಡಿದ. ಅಲ್ಲಿಂದ ಮುಂದೆ ಅಪ್ಪನಿಗೆ ಅವನೊಬ್ಬನೇ ಆಟಗಾರ.

ಅರ್ಧ ಆಟಕ್ಕೆ ಚಿಪ್ಸ್ ತಂದೆ. ಅದರ ಮೇಲೆ ಹೆಂಡರ್ಸನ್ಸ್ ರೆಲಿಶ್ ಸುರಿದುಕೊಂಡು ಬಂದೆ. ಈ ಊರಿನವರು ಜೀವಕ್ಕೆ ಜೀವ ಎನ್ನುವ ಕಪ್ಪು ಸಾಸ್ ಅದು. ಅಪ್ಪ ಬೇರೆ ಊರಿನ ತಿಂಡಿಯನ್ನು ಅನುಮಾನದಿಂದಲೇ ಬಾಯಿಗಿಡುವವರು. ಒಂದು ತುಂಡು ತಿಂದು, ನಿಂತು, "ಇದರಲ್ಲಿ ಹುಣಸೆಹಣ್ಣು ಇದೆ" ಎಂದರು. ಹೌದು, ಇದೆ! ನಾನು ಬಾಟಲಿಯ ಚೀಟಿ ಓದಿ ತಿಳಿದದ್ದನ್ನು ಅವರು ನಾಲಿಗೆಯಿಂದ ತಿಳಿದರು. ಕಾಗದದ ತಟ್ಟೆ ಖಾಲಿಯಾಯಿತು.

ಆಗಲೇ ನಾನು ಅವರಿಗೆ 1862ರ ಪಂದ್ಯದ ಕಥೆ ಹೇಳಿದ್ದು. ಇದನ್ನು ಹೇಳಬೇಕೆಂದೇ ಅವರನ್ನು ಇಲ್ಲಿಗೆ ಕರೆತಂದೆ ಎಂದರೂ ತಪ್ಪಲ್ಲ. ಆ ವರ್ಷದ ಡಿಸೆಂಬರ್ 29ರಂದು ಅದೇ ಹ್ಯಾಲಮ್ ಮತ್ತು ಶೆಫೀಲ್ಡ್ ಎಫ್‌ಸಿ ತಂಡಗಳು ಶೆಫೀಲ್ಡಿನ ಬ್ರಾಮಲ್ ಲೇನ್ ಮೈದಾನದಲ್ಲಿ ಆಡಿದವು. ಒಂದೂ ಗೋಲು ಬರಲಿಲ್ಲ, ನಡುವೆ ಆಟಗಾರರು ಹೊಡೆದಾಡಿಕೊಂಡರು. ಪಂದ್ಯ ಇಟ್ಟದ್ದು ಲ್ಯಾಂಕಶೈರ್ ಪರಿಹಾರ ನಿಧಿಗೆ ಹಣ ಕೂಡಿಸಲು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಂದ ಹತ್ತಿ ಬರುವುದು ನಿಂತಿತ್ತು. ಲ್ಯಾಂಕಶೈರಿನ ಹತ್ತಿ ಗಿರಣಿಗಳು ಮುಚ್ಚಿ, ನೇಕಾರರು, ನೂಲುವ ಹೆಂಗಸರು ಉಪವಾಸ ಬಿದ್ದಿದ್ದರು. ಗಿರಣಿಯ ಮಾಲೀಕರು ಹತ್ತಿಗಾಗಿ ಕಣ್ಣು ತಿರುಗಿಸಿದ ನೆಲಗಳಲ್ಲಿ ನಮ್ಮ ಧಾರವಾಡ ಸೀಮೆಯೂ ಒಂದು. ಹತ್ತಿಯ ಅಂಡಿಗೆಗಳು ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಿದ್ದವು, ಹಾಗಾಗಿಯೇ ನಮ್ಮ ಹತ್ತಿಗೆ ಕುಮಟಾ ಹತ್ತಿ ಎಂಬ ಹೆಸರು. ಅದೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರದ ಬಂದರಿನಿಂದ ಹತ್ತಿ ಸಾಗಿಸುವ ಲೆಕ್ಕವೂ ಅದರ ಹಿಂದೆ ಇತ್ತು.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಏರಿದ ಹತ್ತಿ ದರ ಎಷ್ಟು ದಿನ ನಿಂತಿತು?"

"ಮೂರು-ನಾಲ್ಕು ವರ್ಷ. 1865ರಲ್ಲಿ ಯುದ್ಧ ಮುಗಿಯಿತು, ದರವೂ ಬಿತ್ತು."

"ಬೀಳುತ್ತದೆ" ಎಂದರು. ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಮೈದಾನದ ಕಡೆ ನೋಡುತ್ತಲೇ, ಅವರು ಆಡಿ ಕೂಡಿಸಿದ ಹಣ ಆ ನೇಕಾರರಿಗೆ ಮುಟ್ಟಿರಲಿ ಎಂದರು. ನೂರ ಅರುವತ್ತು ವರ್ಷಗಳ ಹಿಂದಿನ ಹಣದ ಬಗ್ಗೆ ಆ ಮಾತು. ನನ್ನ ಗಂಟಲು ಕಟ್ಟಿತು.

ಎರಡನೆಯ ಅರ್ಧಕ್ಕೆ ಬೆಳಕು ಇಳಿದು ದೀಪಗಳು ಜೋರಾದವು. ಗುಡ್ಡದ ಗಾಳಿ ಕೊರೆಯತೊಡಗಿತು. ಹೊರಡೋಣವೇ ಎಂದರೆ ಅಪ್ಪ ಒಪ್ಪಲಿಲ್ಲ. ಪಟ್ಟಿಯ ಹುಡುಗ ಇನ್ನೂ ಆಡುತ್ತಿದ್ದಾನಲ್ಲ ಎಂದರು. ಕೊನೆಯ ಸೀಟಿಯವರೆಗೂ ನಿಂತೆವು. ಅವನು ಚಪ್ಪಾಳೆ ತಟ್ಟುತ್ತಾ ಕಂಬಿಯ ಬದಿಗೆ ಬಂದಾಗ ಅಪ್ಪ ಕೈ ಚಾಚಿದರು. ಅವನು ಕೈಗವಸು ತೆಗೆದು ಕೈ ಕುಲುಕಿದ.

ಬಸ್ಸಿನಲ್ಲಿ ಅಪ್ಪ ಗಡಿಯಾರ ನೋಡಿಕೊಂಡು, ಊರಲ್ಲಿ ಈಗ ರಾತ್ರಿ ಎರಡೂವರೆ ಎಂದು ಲೆಕ್ಕ ಹಾಕಿದರು. ಬೆಳಗಾದ ಮೇಲೆ ತಮ್ಮನಿಗೆ ಫೋನ್ ಮಾಡಬೇಕಂತೆ. ಮೊದಲು ಮಳೆಯ ಸುದ್ದಿ, ಆಮೇಲೆ ಮೈದಾನದ್ದು.