ಎರಡೂ ನೈಲ್ ಒಂದೇ ಸೈಜಿರಲಿ

ನಾನು ಕಾಸರಗೋಡಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಥಿಯೇಟರ್ ನರ್ಸ್. ಬೇಸಿಗೆ ರಜೆ, ಗೇರುಹಣ್ಣಿನ ಕಾಲ ಎರಡೂ ಒಟ್ಟಿಗೇ ಬರುತ್ತವೆ ಇಲ್ಲಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಮರದಿಂದ ಬಿದ್ದ ಮಕ್ಕಳು ಬರುತ್ತಾರೆ. ತೊಡೆ ಎಲುಬು ಮುರಿದಿದ್ದರೆ, ಐದು ವರ್ಷದ ಒಳಗಿನವರಿಗೆ ಸಾಮಾನ್ಯವಾಗಿ ಸೊಂಟ ಸೇರಿಸಿ ಹಾಕುವ ಪ್ಲಾಸ್ಟರ್ ಸಾಕಾಗುತ್ತದೆ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಹೆಚ್ಚಾಗಿ ಟೆನ್ಸ್, ಅಂದರೆ ಎಲುಬಿನ ಒಳಗೆ ತೂರಿಸುವ, ಬಾಗುವ ಟೈಟಾನಿಯಂ ಸರಳು. ಅದನ್ನೇ ನಾವು ನೈಲ್ ಎನ್ನುವುದು. ಫ್ರಾನ್ಸಿನ ನ್ಯಾನ್ಸಿ ಊರಿನ ಡಾಕ್ಟರುಗಳು ರೂಢಿಗೆ ತಂದ ವಿಧಾನ ಇದು.

ದೊಡ್ಡವರಿಗೆ ಹಾಕುವ ಗಟ್ಟಿ ರಾಡನ್ನೇ ಹಾಕಬಾರದೇ ಎಂದು ಮನೆಯವರು ಕೇಳುತ್ತಾರೆ. ಅದನ್ನು ಸೊಂಟದ ಕಡೆಯಿಂದ ಹಾಕುವಾಗ ಎಲುಬಿನ ತಲೆಗೆ ಹೋಗುವ ರಕ್ತನಾಳಕ್ಕೆ ಏಟಾಗಬಹುದು. ಟೆನ್ಸ್ ಮೊಣಕಾಲಿನ ಮೇಲಿಂದ ಹೋಗುತ್ತದೆ. ಎಲುಬು ಬೆಳೆಯುವ ಜಾಗದಿಂದ ಎರಡು, ಎರಡೂವರೆ ಸೆಂಟಿಮೀಟರ್ ಮೇಲೆ, ಒಳಬದಿ ಒಂದು, ಹೊರಬದಿ ಒಂದು ತೂತು. ಬಿಲ್ಲಿನ ಹಾಗೆ ಬಗ್ಗಿಸಿದ ಎರಡು ನೈಲ್ ಒಳಗೆ ಎದುರುಬದುರು ಒತ್ತಿ ಎಲುಬನ್ನು ನೇರವಾಗಿ ಹಿಡಿಯುತ್ತವೆ. ಮುರಿದ ಜಾಗ ತುಸುವೇ ಅಲುಗುತ್ತದೆ. ಹೊಸ ಎಲುಬು ಬೇಗ ಕಟ್ಟಿಕೊಳ್ಳಲು ಅದೇ ಸಹಾಯ.

ಎರಡರ ಒತ್ತಡ ಸಮ ಇದ್ದರೆ ಮಾತ್ರ ಇದು ನಡೆಯುತ್ತದೆ. ಒಂದು ದಪ್ಪ, ಒಂದು ಸಪೂರ ಆದರೆ ದಪ್ಪದ್ದು ಗೆದ್ದು ಕಾಲು ಸೊಟ್ಟಗಾಗಬಹುದು. ಹಾಗಾಗಿ ಎಕ್ಸ್‌ರೇಯಲ್ಲಿ ಎಲುಬಿನ ಒಳದಾರಿ ಎಲ್ಲಿ ತೀರಾ ಕಿರಿದೋ ಅಲ್ಲಿ ಅಳೆಯಬೇಕು. ಅದರ ಶೇಕಡಾ 40ರಷ್ಟು ಒಂದೊಂದು ನೈಲಿನ ದಪ್ಪ. 9 ಮಿಲಿಮೀಟರ್ ಇದ್ದರೆ 3.5ರದ್ದು ಎರಡು. ಪ್ರಿಂಟ್ ತೆಗೆದ ಫಿಲ್ಮಿಗೆ ಸ್ಕೇಲ್ ಇಟ್ಟು ಅಳೆಯಬೇಡಿ, ಪ್ರಿಂಟಿನಲ್ಲಿ ಚಿತ್ರ ಚಿಕ್ಕದಾಗಿರುತ್ತದೆ. ಕಂಪ್ಯೂಟರಿನಲ್ಲೇ ಡಾಕ್ಟರಿಂದ ಅಳತೆ ಹಾಕಿಸಿಕೊಳ್ಳಿ. ಆ ಸೈಜು, ಅದರ ಮೇಲಿನದು, ಕೆಳಗಿನದು, ಎಲ್ಲದರಲ್ಲೂ ಜೋಡಿ ಇದೆಯಾ ಎಂದು ಮಗುವಿಗೆ ಅನಸ್ತೇಶಿಯಾ ಕೊಡುವ ಮೊದಲೇ ನೋಡಬೇಕು. ನೈಲಿನ ಸೆಟ್ ಹೊರಗಿಂದ ತರಿಸುವ ಆಸ್ಪತ್ರೆಯಾದರೆ ಹಿಂದಿನ ದಿನವೇ ನೋಡಿಬಿಡಿ. ಮಗುವನ್ನು ಮಲಗಿಸಿದ ಮೇಲೆ ಹುಡುಕಾಡುವುದು ಸರಿಯಲ್ಲ, ಅಲ್ವಾ?

ಮಗುವಿನ ತೂಕವನ್ನೂ ಕೇಳಿ ಬರೆದುಕೊಂಡರೆ ಸಾಲದು, ತೂಗಿಯೇ ನೋಡಬೇಕು. 50 ಕಿಲೋ ಹತ್ತಿರದ ಮಗುವಾದರೆ, ಅಥವಾ ಎಲುಬು ಪುಡಿಯಾಗಿದ್ದರೆ, ಡಾಕ್ಟರು ಬೇರೆ ದಾರಿ ಯೋಚಿಸುತ್ತಾರೆ.

ಆಮೇಲೆ ಜಾಸ್ತಿ ಬರುವ ದೂರು ಒಂದೇ. “ಸಿಸ್ಟರೇ, ಮೊಣಕಾಲಿನ ಹತ್ತಿರ ಚುಚ್ಚುತ್ತದಂತೆ.” ತೆಗೆಯಲು ಸಿಗಲಿ ಎಂದು ನೈಲಿನ ತುದಿಯನ್ನು ಸ್ವಲ್ಪ ಹೊರಗೆ ಬಿಟ್ಟಿರುತ್ತಾರೆ, ಅದು ತಾಗುತ್ತದೆ. ಇದನ್ನು ಡಿಸ್ಚಾರ್ಜ್ ದಿನವೇ ತುಳುವಿನಲ್ಲೋ ಮಲಯಾಳದಲ್ಲೋ, ಅಮ್ಮನಿಗೆ ಅರ್ಥವಾಗುವ ಹಾಗೆ ಹೇಳಬೇಕು. ಚರ್ಮ ಕೆಂಪಾದರೆ, ತುದಿ ಹೊರಗೆ ಬಂದರೆ ಕೂಡಲೇ ಬರಲು ಹೇಳಬೇಕು.

ಎಲುಬು ಪೂರ್ತಿ ಕೂಡಿದ ಮೇಲೆ, ಸುಮಾರು ಆರು ತಿಂಗಳಿಂದ ಒಂದು ವರ್ಷದೊಳಗೆ, ನೈಲ್ ತೆಗೆಯುತ್ತಾರೆ. ನಮ್ಮ ಕಡೆಯವರು ಅದಕ್ಕೆ ಮಂಗಳೂರಿಗೆ ಹೋಗುವುದೂ ಉಂಟು. ಹಾಗಾಗಿ ನೈಲಿನ ಕಂಪನಿ, ಸೈಜು ಎರಡನ್ನೂ ನಾನು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಸುತ್ತೇನೆ. ಅಲ್ಲಿನ ಥಿಯೇಟರಿನವರು ಸರಿಯಾದ ಉಪಕರಣ ತಯಾರಿಟ್ಟುಕೊಳ್ಳಬಹುದು.