ತಳ್ಳುಗಾಡಿ ಪಂಚಾಂಗ: ಅವರೆ ಮುಗಿಯುವ ಹೊತ್ತಿಗೆ ಎಲ್ಲಿಗೆ ಬಂದಿದೆ

ನಮ್ಮ ಬಸವನಗುಡಿ ಕಡೆಯ ತಳ್ಳುಗಾಡಿಗಳ ಮೇಲೆ ಯಾವಾಗ ಏನು ಬರುತ್ತದೆ ಅಂತ ಬರೆದಿಡುವ ಪುಸ್ತಕ ಈಗ ಜೂನ್‌ನಿಂದ ಜನವರಿವರೆಗೆ ತುಂಬಿದೆ. ತಿಂಗಳಿಗೆ ಎರಡು ಪುಟ. ಎಡಗಡೆ ಚಿತ್ರ, ಬಲಗಡೆ ಬರಹ. ಮೊದಲು ಎಲ್ಲಿ ಕಂಡಿತು, ಯಾವ ಊರಿನ ಮಾಲು, ಕೊಡುವುದು ಕೆ.ಜಿ. ಲೆಕ್ಕದಲ್ಲೋ ಸೇರಿನಲ್ಲೋ ಮೊಳದಲ್ಲೋ, ರೇಟು ಯಾವಾಗ ಇಳಿಯಿತು, ಗಾಡಿಯಿಂದ ಯಾವಾಗ ಮಾಯವಾಯಿತು, ಇಷ್ಟನ್ನೂ ಬರೆಯುತ್ತೇನೆ. ಫೆಬ್ರವರಿಯಿಂದ ಮೇ ತನಕದ ಪುಟಗಳು ಖಾಲಿ ಇವೆ. ಕಲ್ಲಂಗಡಿ, ಮಲ್ಲಿಗೆ, ಮಾವು, ಹಲಸು ಎಲ್ಲ ಅಲ್ಲೇ ಬರಬೇಕು.

ಬೆಂಗಳೂರಿನಲ್ಲಿ ಕಾಲ ಬದಲಾಗುವುದೇ ಗೊತ್ತಾಗಲ್ಲ ಅಂತ ತುಂಬ ಜನ ಹೇಳುತ್ತಾರೆ. ಆಫೀಸು, ಬಸ್ಸು, ಮನೆ, ಇದರ ಮಧ್ಯೆ ಆಕಾಶ ನೋಡುವುದು ಯಾವಾಗ, ಅಲ್ವಾ? ಆದರೆ ಗಾಡಿ ನೋಡುವುದಕ್ಕೆ ತಲೆ ಎತ್ತಬೇಕಾಗಿಲ್ಲ, ಬೀದಿ ತಿರುವಿನಲ್ಲೇ ನಿಂತಿರುತ್ತದೆ. ಎಸಿ ಅಂಗಡಿಯಲ್ಲಿ ಸೇಬು ವರ್ಷಪೂರ್ತಿ ಅದೇ ಜಾಗದಲ್ಲಿ ಕೂತಿರುತ್ತದೆ, ಅದನ್ನು ನೋಡಿ ಇದು ಯಾವ ತಿಂಗಳು ಅಂತ ಹೇಳುವುದಕ್ಕೆ ಆಗುವುದಿಲ್ಲ. ಗಾಡಿ ಮೇಲೆ ಎಲಚಿ ಹಣ್ಣು ಇದ್ದರೆ ಸಂಕ್ರಾಂತಿ ಹತ್ತಿರ, ಎಲೆಯ ಸಮೇತ ಬೆಟ್ಟದ ನೆಲ್ಲಿಕಾಯಿ ಕೊಂಬೆ ಇದ್ದರೆ ತುಳಸಿ ಹಬ್ಬ ಹತ್ತಿರ. ನನಗೆ ಇದನ್ನು ನೋಡುವುದರಲ್ಲಿ ಒಂದು ಖುಷಿ ಇದೆ. ಬರೆಯುವುದು ಶುರು ಮಾಡಿದ ಮೇಲೆ ಆ ಖುಷಿ ಜಾಸ್ತಿಯೇ ಆಗಿದೆ.

ಜೂನ್ ಪುಟದಲ್ಲಿ ನೇರಳೆ ಹಣ್ಣು. ಅದಕ್ಕೆ ಪೇಂಟ್ ಬಳಸಲಿಲ್ಲ, ಹಣ್ಣನ್ನೇ ಹಿಂಡಿ ಆ ರಸದಲ್ಲಿ ಬ್ರಶ್ ಅದ್ದಿ ಬಿಡಿಸಿದೆ. ಹಚ್ಚಿದಾಗ ಒಳ್ಳೆ ಗಾಢ ನೇರಳೆ, ಈಗ ನೋಡಿದರೆ ಕಂದು ಬಣ್ಣಕ್ಕೆ ತಿರುಗಿದೆ. ಹಾಗೇ ಬಿಟ್ಟಿದ್ದೇನೆ, ಹಣ್ಣಿನ ಕಾಲ ಮುಗಿದ ಹಾಗೆ ಬಣ್ಣವೂ ಮುಗಿಯಲಿ ಬಿಡಿ. ಜುಲೈಗೆ ಮುಸುಕಿನ ಜೋಳ. ಸಂಜೆ ಮಳೆ ನಿಂತ ಮೇಲೆ ಕೆಂಡದ ಮೇಲೆ ತಿರುಗಿಸಿ ತಿರುಗಿಸಿ ಸುಟ್ಟು, ನಿಂಬೆ ಹೋಳನ್ನು ಉಪ್ಪು ಖಾರದ ಪುಡಿಯಲ್ಲಿ ಅದ್ದಿ ಉಜ್ಜಿ ಕೊಡುತ್ತಾರಲ್ಲ, ಅದು. ಇದರ ಬಗ್ಗೆ ಜಾಸ್ತಿ ಬರೆಯುವುದಕ್ಕೆ ಏನಿಲ್ಲ, ತಿನ್ನುವುದಕ್ಕೆ ಇದೆ.

ಆಗಸ್ಟ್‌ನಲ್ಲಿ ಹೂವು. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಮುಂಚೆಯೇ ರೇಟು ಏರುವುದು ಎಲ್ಲರಿಗೂ ಗೊತ್ತಿರುವುದೇ. ನಾನು ಗಮನ ಇಟ್ಟು ನೋಡಿದ್ದು ಅಳೆಯುವ ಕೈಯನ್ನು. ಮೊಳ ಅಂದರೆ ಮೊಣಕೈಯಿಂದ ಮಧ್ಯದ ಬೆರಳಿನ ತುದಿವರೆಗೆ. ಗಾಂಧಿ ಬಜಾರಿನ ಒಬ್ಬ ಹೂವಿನಮ್ಮ ದಂಡೆಯ ತುದಿಯನ್ನು ಬೆರಳಿಗೆ ಸಿಕ್ಕಿಸಿ, ಮೊಣಕೈ ತನಕ ಎಳೆದು, ಅಲ್ಲಿಂದ ಇನ್ನೂ ನಾಲ್ಕು ಬೆರಳು ಮುಂದೆ ಹೋಗಿ ದಾರ ಕಡಿಯುತ್ತಾರೆ. ಆ ನಾಲ್ಕು ಬೆರಳನ್ನು ಯಾರೂ ಕೇಳಿರುವುದಿಲ್ಲ. ಹಬ್ಬದ ದಿನ, ಅಷ್ಟು ರೇಟು ಇರುವಾಗಲೂ ಅವರ ಕೈ ಮೊಣಕೈ ದಾಟಿಯೇ ನಿಂತಿತು. ಆ ಪುಟದಲ್ಲಿ ಹೂವು ಬಿಡಿಸಲಿಲ್ಲ, ಆ ಕೈಯನ್ನೇ ಬಿಡಿಸಿದ್ದೇನೆ, ಬಳೆಗಳ ಸಮೇತ.

ಇದರಿಂದಲೇ ಪುಸ್ತಕಕ್ಕೆ ಹೊಸ ಕಾಲಂ ಒಂದು ಬಂತು: ಕೊಸರು. ತರಕಾರಿ ತಗೊಂಡ ಮೇಲೆ ಸುಮ್ನೆ ಚೀಲಕ್ಕೆ ಹಾಕುವ ಕರಿಬೇವು, ಎರಡು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ. ತಿಂಗಳುಗಟ್ಟಲೆ ಬರೆದ ಮೇಲೆ ಒಂದು ವಿಷಯ ಸ್ಪಷ್ಟ ಕಾಣುತ್ತಿದೆ, ಕೊಸರು ನೋಡಿದರೆ ಮಾರ್ಕೆಟ್ ರೇಟು ಗೊತ್ತಾಗುತ್ತದೆ. ಕೊತ್ತಂಬರಿ ಬರುತ್ತಿದ್ದರೆ ಸೊಪ್ಪು ಅಗ್ಗ. ಮಳೆ ಜೋರಾಗಿ ಸೊಪ್ಪು ಕೊಳೆತ ವಾರ ಬರೀ ಕರಿಬೇವು. ಕರಿಬೇವೂ ನಿಂತಿದ್ದನ್ನು ನಾನು ಇನ್ನೂ ನೋಡಿಲ್ಲ.

ಸೆಪ್ಟೆಂಬರ್‌ನಲ್ಲಿ ಗಣೇಶನ ಗರಿಕೆ, ಎಕ್ಕದ ಹೂವು, ಬಾಳೆಕಂದು. ಆಯುಧ ಪೂಜೆಗೆ ಬೂದುಗುಂಬಳದ ರಾಶಿ. ಅದೇ ಹೊತ್ತಿಗೆ ಸೀತಾಫಲ, ಕಾಯಿ ಹಣ್ಣು ಎರಡನ್ನೂ ಬೇರೆ ಬೇರೆ ಗುಡ್ಡೆ ಹಾಕಿ, 'ಇವತ್ತಿಗಾ ನಾಳೆಗಾ' ಅಂತ ಕೇಳಿ ಕೊಡುತ್ತಾರೆ. ಆ ಪ್ರಶ್ನೆ ನನಗೆ ತುಂಬ ಇಷ್ಟ. ನಮ್ಮ ಮನೆಯಲ್ಲಿ ಯಾವಾಗ ತಿನ್ನುತ್ತೇವೆ ಅನ್ನುವ ಯೋಚನೆ ಮಾರುವವರಿಗೆ ಇದೆಯಲ್ಲ, ಅದಕ್ಕೆ.

ಕಾರ್ತಿಕದ ಕಡೇ ಸೋಮವಾರ ಕಡಲೆಕಾಯಿ ಪರಿಷೆ. ಇದು ತಳ್ಳುಗಾಡಿ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿ ನೆಲದ ಮೇಲೇ ರಾಶಿ. ಆದರೂ ಬಿಡುವುದಕ್ಕೆ ಮನಸ್ಸು ಬರಲಿಲ್ಲ. ಬಸವನಗುಡಿ ಬಡಾವಣೆ ಆಗುವ ಮುಂಚೆ ಇಲ್ಲಿ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಅಂತ ಹಳ್ಳಿಗಳಿದ್ದವು, ಸುತ್ತ ಕಡಲೆಕಾಯಿ ಹೊಲ. ಬಸವ ಬಂದು ಬೆಳೆ ತಿಂದು ಹೋಗುತ್ತಿತ್ತು, ಅದಕ್ಕೆ ಗುಡಿ ಕಟ್ಟಿ ಮೊದಲ ಬೆಳೆ ಒಪ್ಪಿಸುವ ಪದ್ಧತಿ ಬಂತು ಅಂತ ಕಥೆ. ಹೊಲ ಹೋಗಿ ಎಷ್ಟೋ ಕಾಲವಾಯಿತು, ಬುಲ್ ಟೆಂಪಲ್ ರಸ್ತೆ ಬಂತು, ಪರಿಷೆ ಮಾತ್ರ ತನ್ನ ಜಾಗ ಬಿಟ್ಟಿಲ್ಲ. ಈಗ ಚಿಂತಾಮಣಿ, ಕೋಲಾರ ಕಡೆಯಿಂದ, ಆಂಧ್ರ, ತಮಿಳುನಾಡಿನಿಂದ ಮಾಲು ಬರುತ್ತದೆ. ಬಾದಾಮಿ, ಸಾಮ್ರಾಟ್, ಗಡಂಗ್ ಅಂತ ಜಾತಿ ಹೆಸರು ಕೂಗುತ್ತಾರೆ. ಅಳೆಯುವುದು ಸೇರಿನಲ್ಲಿ. ಸೇರು ತುಂಬಿದ ಮೇಲೆ ಎರಡೂ ಕೈ ಅಡ್ಡ ಹಿಡಿದು ಗೋಪುರ ಏರಿಸುತ್ತಾರೆ, ಚೀಲಕ್ಕೆ ಸುರಿದ ಮೇಲೆ ಇನ್ನೊಂದು ಹಿಡಿ. ಕೊಸರು ಕಾಲಂನಲ್ಲಿ ಬರೆದುಕೊಂಡೆ.

ಈಗ ಅವರೆ. ಇದಕ್ಕೆ ಎರಡು ಪುಟ ಸಾಲದೆ ಆರು ಪುಟ ಆಗಿದೆ.

ಮಾಗಡಿ ಕಡೆಯ ಕಾಯಿ ಬರುವುದು ಚಳಿ ಬಿದ್ದ ಮೇಲೆ. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅಂತ ಮಾರುವವರೂ ಹೇಳುತ್ತಾರೆ, ಕೊಳ್ಳುವವರೂ ಹೇಳುತ್ತಾರೆ. ಗಾಂಧಿ ಬಜಾರಿನಲ್ಲಿ ಯಾರೂ ಸುಮ್ನೆ ತೂಕ ಹಾಕಿಸಿಕೊಂಡು ಹೋಗುವುದಿಲ್ಲ. ಒಂದು ಕಾಯಿ ಎತ್ತಿ ಹೆಬ್ಬೆರಳಲ್ಲಿ ಉಜ್ಜಿ ಮೂಸಿ ನೋಡುತ್ತಾರೆ. ಜಿಡ್ಡು ಕೈಗೆ ಹತ್ತಬೇಕು, ಆಗಲೇ ಚೀಲ ಬಿಚ್ಚುವುದು.

ಹಳೇ ನಾಟಿ ಅವರೆ ಹಗಲು ಗಿಡ್ಡವಾದ ಮೇಲೆಯೇ ಹೂ ಬಿಡುವ ಗಿಡ. ಅದಕ್ಕೇ ಅದು ಚಳಿಗಾಲಕ್ಕೆ ಅಂಟಿಕೊಂಡಿರುವುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಅಂತ ತಳಿ ತಂದಿದ್ದಾರೆ, ಅವಕ್ಕೆ ಹಗಲಿನ ಉದ್ದದ ಹಂಗಿಲ್ಲ, ಯಾವ ತಿಂಗಳು ಬೇಕಾದರೂ ಬೆಳೆಯಬಹುದು. ಜುಲೈನಲ್ಲೂ ಗಾಡಿ ಮೇಲೆ ಅವರೆ ಕಾಣುವುದಕ್ಕೆ ಕಾರಣ ಇಂಥ ತಳಿಗಳು. ರೈತರಿಗೆ ಒಳ್ಳೆಯದು, ನಿಜ. ಆದರೆ ಜುಲೈ ಅವರೆಯಲ್ಲಿ ನನಗೆ ಆ ವಾಸನೆ ಸಿಗಲಿಲ್ಲ. ನನ್ನ ಪುಸ್ತಕದಲ್ಲಿ ಅದಕ್ಕೆ ಚಿತ್ರ ಇಲ್ಲ, ಒಂದು ಸಾಲು ಅಷ್ಟೇ.

ಹಿತಕಿದ ಬೇಳೆ ಮಾಡುವುದನ್ನು ಹತ್ತಿರ ಕೂತು ನೋಡಿ ಬರೆದುಕೊಂಡಿದ್ದೇನೆ. ಬಿಡಿಸಿದ ಕಾಳನ್ನು ರಾತ್ರಿ ನೀರಲ್ಲಿ ನೆನೆ ಹಾಕುತ್ತಾರೆ. ಬೆಳಗ್ಗೆ ಹೆಬ್ಬೆರಳು, ತೋರುಬೆರಳ ಮಧ್ಯೆ ಒಂದೊಂದೇ ಕಾಳು ಇಟ್ಟು ಒತ್ತಿದರೆ ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ರಸ್ತೆ ಬದಿ ಕೂತ ಹೆಂಗಸರು ಪಾತ್ರೆ ಕಡೆ ನೋಡುವುದೇ ಇಲ್ಲ, ಗಿರಾಕಿ ಜೊತೆ ಮಾತಾಡುತ್ತಲೇ ಇರುತ್ತಾರೆ, ಬೇಳೆ ಬೀಳುವ ಸದ್ದು ನಿಲ್ಲುವುದಿಲ್ಲ. ನಾನೂ ಮನೆಯಲ್ಲಿ ಒಂದು ಬಟ್ಟಲು ಹಿತುಕಿದೆ. ಬೆರಳ ತುದಿ ಸುಕ್ಕಾಯಿತು, ಸೋಪು ಹಾಕಿ ತೊಳೆದರೂ ಸೊಗಡು ಸಂಜೆ ತನಕ ಹೋಗಲಿಲ್ಲ. ಹಿತಕಿದ ಬೇಳೆಗೆ ಯಾಕಷ್ಟು ರೇಟು ಅಂತ ಇನ್ನು ಮುಂದೆ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇದೆ.

ಇಷ್ಟು ತಿಂಗಳಲ್ಲಿ ಸಿಕ್ಕ ದೊಡ್ಡ ವಿಷಯ ಅಂದರೆ ಇದು. ಯಾವುದೇ ಹೊಸ ಮಾಲು ನಮ್ಮ ಬೀದಿಗೆ ಬರುವ ಮುಂಚೆ ಗಾಂಧಿ ಬಜಾರಿನಲ್ಲಿ ಕಾಣುತ್ತದೆ. ಸೀತಾಫಲ, ಅವರೆ, ಎಲಚಿ, ಎಲ್ಲವೂ ಹಾಗೇ. ನಮ್ಮ ಬೀದಿಗೆ ಬರುವ ತರಕಾರಿ ಅಜ್ಜಿಯನ್ನು ಕೇಳಿದೆ, ಅಲ್ಲಿ ಬಂದು ಎಷ್ಟೋ ದಿನ ಆಯ್ತು, ನೀವ್ಯಾಕೆ ಇವತ್ತು ತಂದಿರಿ ಅಂತ. 'ರೇಟು ಇರೋವಾಗ ತಂದ್ರೆ ಈ ಬೀದೀಲಿ ಯಾರು ತಗೋತಾರೆ ಕಣಮ್ಮ? ಸಂಜೆ ನಾನೇ ತಿನ್ಬೇಕು' ಅಂದರು. ಅಂಗಡಿಯವರು ಉಳಿದಿದ್ದನ್ನು ನಾಳೆಗೆ ಇಟ್ಟುಕೊಳ್ಳಬಹುದು, ಗಾಡಿಯವರಿಗೆ ಅದು ಆಗುವುದಿಲ್ಲ. ಬೆಳಗಿನ ಜಾವ ಕಲಾಸಿಪಾಳ್ಯದಲ್ಲಿ ಕೊಂಡ ಮಾಲು ಅವತ್ತೇ ಖಾಲಿಯಾಗಬೇಕು. ಹಾಗಾಗಿ ನಮ್ಮ ಬೀದಿಗೆ ಅವರೆ ಬಂತು ಅಂದರೆ ಅವರೆ ಎಲ್ಲರ ಕೈಗೆಟುಕುವ ರೇಟಿಗೆ ಇಳಿದಿದೆ ಅಂತ ಅರ್ಥ. ಇದು ತಿಳಿದ ಮೇಲೆ ಪ್ರತಿ ಪುಟದಲ್ಲಿ ಎರಡು ತಾರೀಖು ಹಾಕುತ್ತಿದ್ದೇನೆ, ಬಜಾರಿಗೆ ಬಂದಿದ್ದು ಮತ್ತು ಬೀದಿಗೆ ಬಂದಿದ್ದು. ಎರಡರ ಮಧ್ಯದ ಅಂತರ ಒಂದೊಂದಕ್ಕೆ ಒಂದೊಂದು ಥರ. ಎಲಚಿಗೆ ತೀರಾ ಕಮ್ಮಿ, ಯಾಕೆಂದರೆ ಸಂಕ್ರಾಂತಿಗೆ ಮಕ್ಕಳ ತಲೆ ಮೇಲೆ ಎರೆಯುವುದಕ್ಕೆ ಎಲ್ಲರಿಗೂ ಬೇಕು, ಹಬ್ಬ ದಾಟಿದ ಮೇಲೆ ಕೇಳುವವರು ಕಮ್ಮಿ.

ಸದ್ಯಕ್ಕೆ ಗಾಡಿ ಮೇಲೆ ಹಸಿ ಕಡಲೆ ಬಂದಿದೆ, ಗಿಡದ ಸಮೇತ ಕಟ್ಟು ಕಟ್ಟಿ. ಅದರ ಎಲೆ ಮುಟ್ಟಿ ಬೆರಳು ನೆಕ್ಕಿ ನೋಡಿ, ಹುಳಿ ಇರುತ್ತದೆ. ಕಾಯಿ ಬಿಡಿಸುತ್ತಾ ಬಾಲ್ಕನಿಯಲ್ಲಿ ಕೂತರೆ ಅರ್ಧ ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಏನಾದರೂ ಮಾತಾಡಬೇಕಿದ್ದರೆ ಅದೇ ಹೊತ್ತಿಗೆ ಬಂದು ಕೂರುತ್ತಾರೆ, ಕೈಗೆ ಕೆಲಸ ಇರುತ್ತದಲ್ಲ.

ಮುಂದಿನ ಪುಟಗಳಿಗೆ ತಯಾರಿ ನಡೆದಿದೆ. ಫೆಬ್ರವರಿಗೆ ಬೀಜದ ಕಪ್ಪು ದ್ರಾಕ್ಷಿ, ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯದ್ದು. ಬೆಂಗಳೂರು ಬ್ಲೂ ಅಂತ 2013ರಲ್ಲಿ ಜಿಐ ಟ್ಯಾಗ್ (ಇದು ಈ ಸೀಮೆಯದೇ ಬೆಳೆ ಅನ್ನುವ ಅಧಿಕೃತ ಗುರುತು) ಸಿಕ್ಕಿದ್ದು ಇದಕ್ಕೇ. ಸಿಪ್ಪೆ ಮೇಲಿನ ಬೂದಿ ಬೂದಿ ಬಣ್ಣವನ್ನು ಹೇಗೆ ತರುವುದು ಅಂತ ಬೇರೆ ಕಾಗದದ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ. ಯುಗಾದಿಗೆ ಬೇವಿನ ಹೂವು, ಮಾವಿನ ಎಲೆ ಕಟ್ಟು. ಮಾವಿಗೆ ಎಂಟು ಪುಟ ಈಗಲೇ ಬಿಟ್ಟಿದ್ದೇನೆ. ರಾಮನಗರದ ಹಣ್ಣು ಮೊದಲು, ಶ್ರೀನಿವಾಸಪುರದ್ದು ಆಮೇಲೆ. ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ, ಎಲ್ಲ ಮುಗಿಯುವಾಗ ನೀಲಂ. ಪ್ರತಿಯೊಂದನ್ನೂ ಇಡೀ ಹಣ್ಣು, ಕತ್ತರಿಸಿದ ಹೋಳು, ಚೀಪಿದ ಓಟೆ ಅಂತ ಮೂರು ಥರ ಬಿಡಿಸುವ ಆಸೆ.

ಅದಕ್ಕೂ ಮುಂಚೆ ಮಲ್ಲಿಗೆ ಪುಟ ಶುರುವಾಗಬೇಕು. ಈಗ ಗಾಡಿಗಳಲ್ಲಿ ಕಾಕಡ, ಕನಕಾಂಬರ, ಸೇವಂತಿಗೆಯೇ ಜಾಸ್ತಿ. ದುಂಡು ಮಲ್ಲಿಗೆ ಯಾವತ್ತು ಇಳಿಯುತ್ತದೆ ಅಂತ ನೋಡುವುದಕ್ಕೆ ಇನ್ನು ಮೇಲೆ ಶನಿವಾರ ಬೆಳಗ್ಗೆ ಕೆ.ಆರ್. ಮಾರ್ಕೆಟ್‌ಗೆ ಹೋಗುತ್ತೇನೆ. ಜೊತೆಗೆ ಬರುವ ಆಸೆ ಇರುವವರು ಐದೂವರೆ ಒಳಗೆ ಅಲ್ಲಿರಬೇಕು. ಆಮೇಲೆ ಬಂದರೆ ಮೂಟೆ ಬಿಚ್ಚುವುದು ನೋಡುವುದಕ್ಕೆ ಸಿಗುವುದಿಲ್ಲ.