ಗಿಲಿ ಯಾರದು? ಅಸಂಬದ್ಧ ಪದ್ಯಗಳ ಆರನೇ ವಾರ

ಹತ್ತು ಪದ್ಯ ಬರೆಯುವ ಲೆಕ್ಕದಲ್ಲಿ ಈವರೆಗೆ ನಾಲ್ಕು ಮುಗಿದಿವೆ. ಇನ್ನೆರಡನ್ನು ಹರಿದುಹಾಕಿದೆ. ಅವುಗಳಲ್ಲಿ ಪ್ರಾಣಿಗಳಿಗೆ ಬಾಯಿಗೆ ಬಂದ ಹೆಸರಿಟ್ಟಿದ್ದೆ: 'ಝುಂಪ್ರಟ', 'ಫ್ಲೋಂಕ'. ಗಟ್ಟಿಯಾಗಿ ಓದಿದರೆ ಬರೀ ಸದ್ದು.

ಹಾಗಾಗಿ ದಿನಾ ಆಡುವ ಜೋಡಿಮಾತಿಗೇ ಕೈಹಾಕಿದೆ. ಮರ ಗಿರ, ಪುಸ್ತಕ ಗಿಸ್ತಕ, ಕಾಗೆ ಗೀಗೆ. ಮೊದಲಕ್ಷರ ಹ್ರಸ್ವವಾದರೆ 'ಗಿ', ದೀರ್ಘವಾದರೆ 'ಗೀ'. 'ಹಾವು ಗೀವು ಇದ್ದೀತು, ಹುಷಾರು' ಎಂದಾಗ ಗೀವು ಎಂದರೇನು ಅಂತ ಯಾರೂ ಕೇಳುವುದಿಲ್ಲ. ಆದರೂ ಹೆಜ್ಜೆಯನ್ನು ನೋಡಿಕೊಂಡೇ ಇಡುತ್ತೇವೆ. ಅರ್ಥವೇ ಇಲ್ಲದ ಹೆಸರಿಗೆ ಎಷ್ಟು ಬಲ!

ಈ ಗೀವುಗಳನ್ನೆಲ್ಲ ನಿಜವಾದ ಪ್ರಾಣಿಗಳೆಂದೇ ನಂಬಿ ಪಟ್ಟಿ ಮಾಡುತ್ತ ಹೋದೆ. ನರಿಗೂ ಕುರಿಗೂ 'ಗಿರಿ' ಬಂತು. ಅದು ಬೆಟ್ಟವಾಗಿ ಅರ್ಥ ಕೊಟ್ಟುಬಿಟ್ಟಿತು, ಬಿಟ್ಟೆ. ಆಮೇಲೆ ಸಿಕ್ಕಿದ್ದು ಗಿಲಿ. ಹುಲಿಗೂ ಗಿಲಿಯೇ, ಇಲಿಗೂ ಗಿಲಿಯೇ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಹುಲಿಯ ಹಿಂದೆ ಗಿಲಿಯು ಬಂತು,
ಇಲಿಯ ಹಿಂದೆ ಗಿಲಿಯು ಬಂತು,
ಗಿಲಿಯು ಗಿಲಿಗೆ ಹೆದರಿ ನಿಂತು
'ನೀನು ಯಾರ ಗಿಲಿಯೊ' ಅಂತು.

ಮೂರು ಮಾತ್ರೆಯ ಗಣ, ಸಾಲಿಗೆ ನಾಲ್ಕು. ಮೊದಲು ಕೊನೆಯ ಸಾಲು 'ಒಂದೆ ನಾವು ಎಂದು ಅರಿತು' ಎಂದಿತ್ತು. ಮಾತ್ರೆ ಸರಿ, ಪದ್ಯ ಸತ್ತಿತ್ತು. ಅಸಂಬದ್ಧಕ್ಕೆ ಉತ್ತರ ಸಿಕ್ಕರೆ ಅದು ಒಗಟಾಗುತ್ತದೆ.

ಗಿಲಿಯ ಚಿತ್ರ ಬರೆಯಲು ಗೆಳತಿ ಸಿದ್ಧಳಿದ್ದಾಳೆ. ಒಂದು ವಾರ ಯೋಚಿಸಿ ಬೇಡ ಎಂದೆ. ಇಂಗ್ಲಿಷಿನಲ್ಲಿ ಅಸಂಬದ್ಧ ಪದ್ಯ ಬರೆದ ಲೂಯಿಸ್ ಕ್ಯಾರಲ್‌ನ 1871ರ ಪುಸ್ತಕದಲ್ಲಿ ಮೊಟ್ಟೆಯಾಕಾರದ ಹಂಪ್ಟಿ ಡಂಪ್ಟಿ ತನ್ನ ಹೆಸರಿನ ಅರ್ಥವೇ ತನ್ನ ಆಕಾರ ಎನ್ನುತ್ತಾನೆ. ಗಿಲಿಗೆ ಅದು ಹೊಂದುವುದಿಲ್ಲ: ಬರೆದ ಕೂಡಲೇ ಅದು ಹುಲಿಯಷ್ಟು ದೊಡ್ಡದೋ ಇಲಿಯಷ್ಟು ಚಿಕ್ಕದೋ ಆಗಲೇಬೇಕು. ಅದೇ ಕ್ಯಾರಲ್ ಸ್ನಾರ್ಕ್ ಎಂಬ ಕಲ್ಪನೆಯ ಪ್ರಾಣಿಯನ್ನು ಬೇಟೆಯಾಡುವ 1876ರ ಕಾವ್ಯಕ್ಕೆ ಚಿತ್ರಕಾರ ಹೆನ್ರಿ ಹಾಲಿಡೇ ಬಿಡಿಸಿದ್ದ, ಸ್ನಾರ್ಕ್‌ಗಳಲ್ಲೇ ಭಯಂಕರವಾದ ಬೂಜಮ್‌ನ ಚಿತ್ರವನ್ನು ಪುಸ್ತಕಕ್ಕೆ ಸೇರಿಸಲಿಲ್ಲ. ಬೂಜಮ್ ಕಲ್ಪನೆಗೆ ನಿಲುಕಬಾರದು ಎಂಬುದು ಅವನ ಹಟ. ನನಗೂ ಅದೇ ಸರಿಯೆನಿಸಿತು. ಹುಲಿ, ಇಲಿ ಎರಡನ್ನೂ ಅವಳು ಬರೆಯುತ್ತಾಳೆ. ನಡುವೆ ಖಾಲಿ ಜಾಗ.

ಐದನೆಯ ಪದ್ಯ ಗಿಳಿಯದು. ನಿಯಮ ಹಾಕಿದರೆ ಗಿಳಿಗೆ ಮತ್ತೆ ಗಿಳಿಯೇ ಬರುತ್ತದೆ. ಕೇಳಿದ್ದನ್ನೇ ನುಡಿಯುವ ಹಕ್ಕಿಗೆ ಭಾಷೆಯೇ ಅದರ ಹೆಸರನ್ನು ಹಾಗೆಯೇ ಹಿಂತಿರುಗಿಸುತ್ತಿದೆ. ಮೂರು ದಿನದಿಂದ ಇದೊಂದೇ ಸಾಲು ಕೈಯಲ್ಲಿದೆ: 'ಗಿಳಿಯು ಗಿಳಿಯ ಹೆಸರ ಕರೆದು'.